ಮೋಟರ್ ಇದ್ದರೂ ಅದು ಸೈಕಲ್ಲೇ

ಎಲೆಕ್ಟ್ರಿಕ್ ಸೈಕಲ್ ತಗೊಳ್ಳುವಾಗ ಎಲ್ಲರೂ ಕೇಳೋದು ಮೂರೇ ಪ್ರಶ್ನೆ. ಒಂದು ಸಲ ಚಾರ್ಜ್ ಮಾಡಿದ್ರೆ ಎಷ್ಟು ಕಿಲೋಮೀಟರ್ ಬರುತ್ತೆ? ಲೈಸೆನ್ಸ್ ಬೇಕಾ? ರೇಟು ಎಷ್ಟು? ನಾಲ್ಕನೆಯ ಪ್ರಶ್ನೆ ಬಾಯಿಗೆ ಬರೋದು ಆರು ತಿಂಗಳು ಓಡಿಸಿದ ಮೇಲೆ: "ಇದನ್ನ ರಿಪೇರಿ ಮಾಡೋರು ಯಾರು?"

ದೊಡ್ಡ ಊರಲ್ಲಿರೋರಿಗೆ ಉತ್ತರ ಸುಲಭ. ಫೋನಲ್ಲಿ ಹೇಳಿದರೆ ಮೆಕ್ಯಾನಿಕ್ ಮನೆ ಬಾಗಿಲಿಗೇ ಬರ್ತಾರೆ. ನಮ್ಮದು ತರೀಕೆರೆ ತಾಲ್ಲೂಕಿನ ಅಮೃತಾಪುರ. 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಸ್ಥಾನ ನೋಡೋಕೆ ಎಲ್ಲೆಲ್ಲಿಂದಲೋ ಜನ ಇಲ್ಲಿಗೆ ಬರ್ತಾರೆ. ಸೈಕಲ್ ಕಂಪನಿಯ ಸರ್ವಿಸ್ ಸೆಂಟರ್ ಮಾತ್ರ ಇನ್ನೂ ಬಂದಿಲ್ಲ.

ನಾನು ಬೆಂಗಳೂರಿನ ಆಫೀಸೊಂದಕ್ಕೆ ಮನೆಯಿಂದಲೇ ಕೆಲಸ ಮಾಡೋಳು. ತರೀಕೆರೆ ಪೇಟೆ ಕೆಲಸ, ತಿಂಗಳಿಗೆ ಎರಡು ಸಲ ರೈಲ್ವೆ ಸ್ಟೇಷನ್ನು, ಅಪ್ಪ ಬೆಳಿಗ್ಗೆ ಡೇರಿಗೆ ಹಾಲು ಹಾಕೋದು, ಆಮೇಲೆ ಅಡಿಕೆ ತೋಟ ಸುತ್ತೋದು, ಎಲ್ಲಕ್ಕೂ ಮನೆಯಲ್ಲಿರೋದು ಒಂದೇ ಎಲೆಕ್ಟ್ರಿಕ್ ಮೌಂಟನ್ ಬೈಕ್. ಮಂಡಿ ನೋವು ಶುರುವಾದ ಮೇಲೆ ಅಪ್ಪ ಸ್ಕೂಟರ್ ಬಿಟ್ಟಿದಾರೆ. ಈ ಸೈಕಲ್ ನಿಂತರೆ ಸ್ವಂತ ತೋಟಕ್ಕೆ ಹೋಗೋದಕ್ಕೂ ಅವರು ಇನ್ನೊಬ್ಬರನ್ನ ಕೇಳಬೇಕು. ಅದಕ್ಕೇ ಇದು ನಿಲ್ಲದ ಹಾಗೆ ನೋಡಿಕೊಳ್ಳೋದು ನನ್ನ ಭಾನುವಾರದ ಕೆಲಸ.

ಗೆರೆ ಎಲ್ಲಿದೆ ಗೊತ್ತಿರಲಿ

ಮೋಟರ್, ಡಿಸ್‌ಪ್ಲೇ, ವೈರುಗಳನ್ನ ನೋಡಿ ಬಹಳ ಜನ ಹೆದರ್ತಾರೆ. ಹೆದರಿ, ಚೈನಿಗೆ ಎಣ್ಣೆ ಹಾಕೋದನ್ನೂ ಬಿಡ್ತಾರೆ. ಆದರೆ ಈ ಗಾಡಿಯ ಬಹುಪಾಲು ತೊಂದರೆಗಳು ಮಾಮೂಲಿ ಸೈಕಲ್ಲಿನವೇ: ಬ್ರೇಕು, ಚೈನು, ಗೇರು, ಗಾಳಿ, ಕಡ್ಡಿ. ಇವಿಷ್ಟೂ ನಮ್ಮ ಕೈಯಲ್ಲಿ ಆಗೋ ಕೆಲಸ.

ಮುಟ್ಟಬಾರದ್ದು ಮೂರು. ಬ್ಯಾಟರಿಯ ಒಳಗು, ಚಾರ್ಜರಿನ ಒಳಗು, ಮೋಟರಿಗೆ ಕರೆಂಟ್ ಹಂಚುವ ಕಂಟ್ರೋಲರಿನ ಒಳಗು. ಅವುಗಳ ಹೊರಗಿನ ಧೂಳು ಒರೆಸಿ, ಕನೆಕ್ಟರ್ ಸರಿಯಾಗಿ ಕೂತಿದೆಯಾ ನೋಡಿ, ಅಲ್ಲಿಗೆ ಸಾಕು. ವೇಗದ ಮಿತಿ ತೆಗೆಸೋ ಆಸೆಯೂ ಬೇಡ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 250 ವಾಟ್ ಮೀರದ, ಗಂಟೆಗೆ 25 ಕಿ.ಮೀ. ಮೀರದ ಬ್ಯಾಟರಿ ಸೈಕಲ್ಲಿಗೆ ಕೆಲವು ಷರತ್ತಿನ ಮೇಲೆ ರಿಯಾಯಿತಿ ಇದೆ. ನೋಂದಣಿ, ಲೈಸೆನ್ಸ್ ಬೇಡ ಅನ್ನೋದು ಅದರಿಂದಲೇ. ಮಿತಿ ತೆಗೆಸಿದ ದಿನ ಆ ರಿಯಾಯಿತಿ ಹೋಗುತ್ತೆ. ಬ್ರೇಕೂ ಆ ವೇಗಕ್ಕೆ ಮಾಡಿದ್ದಲ್ಲ.

ಕೆಲಸಕ್ಕೆ ಮುಂಚೆ

ಮೊದಲು ಸ್ವಿಚ್ ಆಫ್ ಮಾಡಿ ಬ್ಯಾಟರಿ ಕಳಚಿ ಪಕ್ಕಕ್ಕಿಡಿ. ಇದೊಂದನ್ನ ಯಾವತ್ತೂ ತಪ್ಪಿಸಬೇಡಿ. ಚೈನ್ ಒರೆಸ್ತಾ ಇರೋವಾಗ ಯಾರೋ ಥ್ರಾಟಲ್ ಮುಟ್ಟಿದರೆ ಹಿಂದಿನ ಚಕ್ರ ತಿರುಗಿಬಿಡುತ್ತೆ. ಬೆರಳು ಚೈನಿಗೂ ಹಲ್ಲುಚಕ್ರಕ್ಕೂ ನಡುವೆ ಸಿಕ್ಕಿದರೆ ಕತೆ ಬೇರೆ.

ಸಾಮಾನ್ಯ ಸೈಕಲ್ಲಿನ ಹಾಗೆ ಇದನ್ನ ತಲೆಕೆಳಗು ಮಾಡಿದರೆ ಡಿಸ್‌ಪ್ಲೇ, ಬ್ರೇಕ್ ಲಿವರ್ ಎಲ್ಲಾ ನೆಲಕ್ಕೆ ಒತ್ತುತ್ತೆ. ಬ್ಯಾಟರಿ ಸೇರಿ 20 ಕೆ.ಜಿ.ಗೂ ಮೀರಿದ ತೂಕ ಬೇರೆ. ನಾವು ಕೊಟ್ಟಿಗೆಯ ತೊಲೆಗೆ ಹಗ್ಗ ಕಟ್ಟಿ, ಸೀಟಿನ ಕೆಳಗೆ ಸುತ್ತಿ, ಹಿಂದಿನ ಚಕ್ರ ಒಂದು ಗೇಣು ಮೇಲೆದ್ದು ನಿಲ್ಲೋ ಹಾಗೆ ತೂಗುಹಾಕ್ತೀವಿ. ದುಡ್ಡು ಕೊಟ್ಟು ಸ್ಟ್ಯಾಂಡ್ ತರೋದು ಉಳೀತು.

ಬೇಕಾಗುವ ಸಾಮಾನು: 4, 5, 6 ಎಂ.ಎಂ. ಅಲೆನ್ ಕೀ, ಒಂದು ಸ್ಟಾರ್ ಸ್ಕ್ರೂಡ್ರೈವರ್, ಮೋಟರ್ ಇರುವ ಚಕ್ರದ ನಟ್ಟಿಗೆ ಸರಿಹೊಂದುವ ಸ್ಪ್ಯಾನರ್ (ನಮ್ಮದಕ್ಕೆ 18 ಎಂ.ಎಂ.), ಮೀಟರ್ ಇರುವ ಗಾಳಿ ಪಂಪ್, ಚೈನ್ ಎಣ್ಣೆ, ಹಳೇ ಟೂತ್ ಬ್ರಷ್, ಹಳೇ ಬನಿಯನ್ ಬಟ್ಟೆ, 12 ಇಂಚಿನ ಸ್ಕೇಲು. ಸ್ಕೇಲು ಯಾಕೆ ಅಂತ ಚೈನಿನ ವಿಷಯ ಬಂದಾಗ ಹೇಳ್ತೀನಿ.

ಬ್ರೇಕ್: ಏರಿದ್ದೆಲ್ಲಾ ಇಳಿಯಲೇಬೇಕು

ಸಣ್ಣದೊಂದು ಲೆಕ್ಕ ಮಾಡೋಣ. ತರೀಕೆರೆ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ಕೆಮ್ಮಣ್ಣುಗುಂಡಿ 1434 ಮೀಟರ್. ಸವಾರರು, ಸೈಕಲ್ಲು ಸೇರಿ 90 ಕೆ.ಜಿ. ಅಂದುಕೊಳ್ಳಿ. ಲಿಂಗದಹಳ್ಳಿ ದಾಟಿ, ಕಲ್ಲತ್ತಿಗಿರಿ ಮೇಲೆ ಹಾದು ಅಷ್ಟು ತೂಕವನ್ನ ಬೆಟ್ಟಕ್ಕೆ ಎತ್ತೋಕೇ ಸುಮಾರು 180 ವಾಟ್-ಅವರ್ ಶಕ್ತಿ ಬೇಕು. ನಮ್ಮ ಬ್ಯಾಟರಿ 36 ವೋಲ್ಟ್, 10 ಆಂಪಿಯರ್-ಅವರ್, ಅಂದರೆ ಒಟ್ಟು 360. ಬರೀ ಎತ್ತರಕ್ಕೇ ಅದರ ಅರ್ಧ ಹೋಯಿತು. ಗಾಳಿಯ ತಡೆ, ರಸ್ತೆ, ಮೋಟರಿನ ಬಿಸಿ ಎಲ್ಲ ಬೇರೆ. "60 ಕಿ.ಮೀ. ಮೈಲೇಜ್" ಅಂತ ಜಾಹೀರಾತಿನಲ್ಲಿ ಹೇಳಿದ್ದು ಘಾಟಿಯಲ್ಲಿ ಯಾಕೆ ಸಿಗಲ್ಲ ಅನ್ನೋದಕ್ಕೆ ಇದೇ ಉತ್ತರ.

ನಿಜವಾದ ವಿಷಯ ಇಳಿಯುವಾಗ ಇದೆ. ಹತ್ತಿಸಿದ ಆ 180 ವಾಟ್-ಅವರ್ ವಾಪಸ್ ಬ್ಯಾಟರಿಗೆ ಬರಲ್ಲ. ನಮ್ಮಲ್ಲಿ ಸಿಗುವ ಬಹುತೇಕ ಸೈಕಲ್ಲುಗಳ ಮೋಟರಿಗೆ ಆ ವ್ಯವಸ್ಥೆ ಇಲ್ಲ. ಸ್ವಲ್ಪ ಗಾಳಿಗೆ, ಉಳಿದದ್ದೆಲ್ಲಾ ಬ್ರೇಕಿನ ಬಿಸಿಗೆ. ಬೆರಳುಗುರಿನಷ್ಟು ದಪ್ಪ ಇಲ್ಲದ ಎರಡು ಜೊತೆ ಪ್ಯಾಡ್ ಆ ಕೆಲಸ ಮಾಡಬೇಕು. ಅದಕ್ಕೇ ಮನೆಯಲ್ಲಿ ಏನೂ ಮಾಡದಿದ್ದರೂ ಬ್ರೇಕ್ ಮಾತ್ರ ನೋಡಿ.

ಕೇಬಲ್ ಇರುವ ಡಿಸ್ಕ್ ಬ್ರೇಕ್ ಆದರೆ ಹೀಗೆ ಮಾಡಿ. ಲಿವರ್ ಒತ್ತಿದಾಗ ಹ್ಯಾಂಡಲ್ ಗ್ರಿಪ್ ತನಕ ಬರ್ತಾ ಇದೆಯಾ? ಹಾಗಿದ್ದರೆ ಕೇಬಲ್ ಸಡಿಲ ಅಥವಾ ಪ್ಯಾಡ್ ಸವೆದಿದೆ. ಟಾರ್ಚ್ ಹಾಕಿ ಪ್ಯಾಡ್ ನೋಡಿ. ಲೋಹದ ಪಟ್ಟಿಯ ಮೇಲಿನ ಉಜ್ಜುವ ಪದರ 1 ಎಂ.ಎಂ.ಗಿಂತ ಕಮ್ಮಿ ಇದ್ದರೆ ಬದಲಾಯಿಸಿ. ಪದರ ಇದ್ದರೆ ಕೇಬಲ್ ತುದಿಯ ಅಡ್ಜಸ್ಟರನ್ನ ಅರ್ಧ ಸುತ್ತು ಬಿಚ್ಚೋ ದಿಕ್ಕಿಗೆ ತಿರುಗಿಸಿ ನೋಡಿ. ಒಳಬದಿಯ ಪ್ಯಾಡನ್ನ ಅಲೆನ್ ಕೀಯಿಂದ ಸ್ವಲ್ಪ ಸ್ವಲ್ಪವೇ ಡಿಸ್ಕಿನ ಹತ್ತಿರ ತನ್ನಿ. ಡಿಸ್ಕಿಗೆ ತಾಗಿ ಸರ್ ಸರ್ ಅಂತಿದ್ದರೆ, ಕ್ಯಾಲಿಪರ್ ಹಿಡಿದಿರುವ ಎರಡು ಬೋಲ್ಟ್ ಸಡಿಲ ಮಾಡಿ, ಲಿವರನ್ನ ಗಟ್ಟಿಯಾಗಿ ಒತ್ತಿ ಹಿಡಿದು, ಹಾಗೇ ಎರಡೂ ಬೋಲ್ಟ್ ಬಿಗಿ ಮಾಡಿ. ಹೆಚ್ಚಿನ ಸಲ ಕ್ಯಾಲಿಪರ್ ತಾನೇ ನಡುವಿಗೆ ಬಂದು ಕೂರುತ್ತೆ.

ಡಿಸ್ಕಿಗೆ ಎಣ್ಣೆ ತಾಗಲೇಬಾರದು. ಚೈನಿಗೆ ಸ್ಪ್ರೇ ಹೊಡೆಯುವಾಗ ಹಾರಿದ ಒಂದು ಹನಿಗೇ ಬ್ರೇಕ್ ಕಿರುಚೋಕೆ ಶುರು ಮಾಡುತ್ತೆ. ಒರೆಸೋಕೆ ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್, ಶುದ್ಧ ಬಟ್ಟೆ ಸಾಕು. ಹೊಸ ಪ್ಯಾಡ್ ಹಾಕಿದ ದಿನವೇ ಘಾಟಿ ಇಳಿಯಬೇಡಿ. ಸಮತಟ್ಟು ರಸ್ತೆಯಲ್ಲಿ ಹದಿನೈದಿಪ್ಪತ್ತು ಸಲ ವೇಗ ತಗೊಂಡು ನಿಧಾನಕ್ಕೆ ಬ್ರೇಕ್ ಹಿಡಿದು ಪಳಗಿಸಿ. ಘಾಟಿ ಇಳಿದ ಕೂಡಲೇ ಡಿಸ್ಕನ್ನ ಬರಿಗೈಯಲ್ಲಿ ಮುಟ್ಟಬೇಡಿ, ಚುರುಕ್ ಅನ್ನುತ್ತೆ.

ಚೈನ್ ಉದ್ದ ಅಳೆಯೋ ಸ್ಕೇಲು

ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಅಂದರೆ 24 ಕೊಂಡಿಗೆ ಸರಿಯಾಗಿ 12 ಇಂಚು. ಸ್ಕೇಲಿನ ಸೊನ್ನೆಯನ್ನ ಒಂದು ಪಿನ್ನಿನ ನಡುವಿಗೆ ಇಟ್ಟು ನೋಡಿ. ಹೊಸ ಚೈನಿನಲ್ಲಿ 12ರ ಗೆರೆಯ ಮೇಲೆ ಇನ್ನೊಂದು ಪಿನ್ ಕರೆಕ್ಟಾಗಿ ಕೂರುತ್ತೆ. ಆ ಪಿನ್ ಗೆರೆ ದಾಟಿ ಒಂದೂವರೆ ಎಂ.ಎಂ. ಆಚೆ ಹೋಗಿದ್ದರೆ ಚೈನ್ ಬದಲಾಯಿಸಿ. 3 ಎಂ.ಎಂ. ಆಚೆ ಹೋಗೋ ತನಕ ಕಾದರೆ ಹಿಂದಿನ ಹಲ್ಲುಚಕ್ರಗಳನ್ನೂ ಸೇರಿಸಿ ಬದಲಾಯಿಸಬೇಕಾಗುತ್ತೆ.

ಮೋಟರ್ ಹಿಂದಿನ ಚಕ್ರದಲ್ಲೇ ಇದ್ದರೆ ಅದರ ಬಲ ನೇರ ಚಕ್ರಕ್ಕೆ ಹೋಗುತ್ತೆ, ಚೈನಿಗೆ ಹೊರೆ ಇಲ್ಲ. ಪೆಡಲ್ ಹತ್ತಿರ ಮೋಟರ್ ಇರುವ ದುಬಾರಿ ಮಾದರಿಗಳಲ್ಲಿ ಕಾಲಿನ ಬಲ, ಮೋಟರಿನ ಬಲ ಎರಡೂ ಚೈನಿನ ಮೇಲೇ ಬೀಳುತ್ತೆ. ನಿಮ್ಮದು ಅಂಥದ್ದಾದರೆ ಸ್ಕೇಲನ್ನ ಹೆಚ್ಚು ಸಲ ಹಿಡಿಯಿರಿ.

ಎಣ್ಣೆ ಹಾಕೋದಕ್ಕೆ ಮೊದಲು ಒಣ ಬಟ್ಟೆಯಲ್ಲಿ ಚೈನ್ ಒರೆಸಿ, ಬ್ರಷ್ಷಿಂದ ಕೊಳೆ ತೆಗೆಯಿರಿ. ತೋಟದಲ್ಲಿ ಓಡಾಡುವ ಸೈಕಲ್ಲಾದರೆ ಅಡಿಕೆ ಸಿಪ್ಪೆಯ ನಾರು, ತೆಂಗಿನ ನಾರು ಹಲ್ಲುಗಳ ಸಂದಿಯಲ್ಲಿ ಸುತ್ತಿಕೊಂಡಿರುತ್ತೆ. ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಪೆಡಲನ್ನ ಹಿಂದಕ್ಕೆ ಹತ್ತು ಸುತ್ತು ತಿರುಗಿಸಿ, ಹೊರಗಿನ ಎಣ್ಣೆಯನ್ನೆಲ್ಲಾ ಒರೆಸಿಬಿಡಿ. ಎಣ್ಣೆ ಒಳಗಿನ ಪಿನ್ನಿಗೆ ಬೇಕು. ಹೊರಗೆ ಉಳಿದದ್ದು ಧೂಳು ಕೂಡಿಸುತ್ತೆ ಅಷ್ಟೇ.

ಗೇರ್ ಸರಿಯಾಗಿ ಬೀಳ್ತಿಲ್ಲ ಅಂದರೆ ಸ್ಕ್ರೂಗಳಿಗೆ ಕೈ ಹಾಕುವ ಮೊದಲು ಕೇಬಲ್ ಅಡ್ಜಸ್ಟರ್ ನೋಡಿ. ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಹತ್ತೋಕೆ ಹಟ ಮಾಡಿದರೆ ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತು. ಸಣ್ಣದಕ್ಕೆ ಇಳಿಯೋಕೆ ತಡ ಮಾಡಿದರೆ ಗಡಿಯಾರದ ದಿಕ್ಕಿಗೆ ಕಾಲು ಸುತ್ತು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಹಿಂದಿನಿಂದ ನೋಡಿದಾಗ ಡಿರೇಲರ್ ಚಕ್ರದ ಕಡೆ ವಾಲಿದ್ದರೆ ಅದನ್ನ ಹಿಡಿದಿರುವ ಹ್ಯಾಂಗರ್ ಬಾಗಿದೆ ಅಂತ ಅರ್ಥ. ಅದನ್ನ ಸೈಕಲ್ ಶಾಪಿಗೇ ಬಿಡಿ.

ಕಂಬದ ಹಾಗೆ ತಿರುಗಬೇಕು

ನಮ್ಮೂರ ದೇವಸ್ಥಾನದ ಮಂಟಪದಲ್ಲಿ ಸಾಲು ಸಾಲು ಕಡೆದ ಕಂಬಗಳಿವೆ, ಎಂಟು ನೂರು ವರ್ಷವಾದರೂ ಹೊಳೀತಾವೆ. ಯಾವ ಕಡೆಯಿಂದ ನೋಡಿದರೂ ಅಂಚು ಒಂದೇ ಸಮ. ಸೈಕಲ್ ಚಕ್ರ ತಿರುಗೋದೂ ಹಾಗೇ ಇರಬೇಕು. ಒಂದು ಪೊರಕೆ ಕಡ್ಡಿಯನ್ನ ರಬ್ಬರ್ ಬ್ಯಾಂಡಿನಿಂದ ಫ್ರೇಮಿಗೆ ಕಟ್ಟಿ, ತುದಿ ರಿಮ್ಮಿಗೆ ತಾಗೂ ತಾಗದ ಹಾಗಿಟ್ಟು ಚಕ್ರ ತಿರುಗಿಸಿ. ಒಂದು ಕಡೆ ಕಡ್ಡಿಗೆ ಉಜ್ಜಿ ಇನ್ನೊಂದು ಕಡೆ ದೂರ ಸರಿದರೆ ಚಕ್ರಕ್ಕೆ ಬೆಂಡ್ ಬಂದಿದೆ.

ಮೋಟರ್ ಇರುವ ಚಕ್ರದ ಕಡ್ಡಿಗಳನ್ನ ತಿಂಗಳಿಗೊಮ್ಮೆ ಬೆರಳಲ್ಲಿ ಮೀಟಿ ನೋಡಿ. ಒಂದೇ ಬದಿಯ ಕಡ್ಡಿಗಳ ಸದ್ದು ಹೆಚ್ಚು ಕಡಿಮೆ ಒಂದೇ ಥರ ಇರಬೇಕು. ಡಬ್ ಅನ್ನೋದು ಸಡಿಲ ಆಗಿದೆ. ಬೆಂಡ್ ತೆಗೆಯೋದು ಕೈಚಳಕದ ಕೆಲಸ, ನಮ್ಮ ಸೈಕಲ್ ಶಾಪುಗಳಲ್ಲಿ ಅದು ಗೊತ್ತಿರೋರು ಇನ್ನೂ ಇದಾರೆ. ಸಡಿಲ ಕಂಡುಹಿಡಿಯೋದು ನಮ್ಮ ಕೆಲಸ, ಸರಿಮಾಡೋದು ಅವರದು.

ಅದೇ ಹೊತ್ತಿನಲ್ಲಿ ಹಿಂದಿನ ಚಕ್ರದ ಎರಡೂ ನಟ್ ಬಿಗಿ ಇದೆಯಾ ನೋಡಿ. ಮೋಟರ್ ಚಕ್ರವನ್ನ ಮುಂದಕ್ಕೆ ತಿರುಗಿಸುವಾಗ ಅದರ ಅಚ್ಚು ಹಿಂದಕ್ಕೆ ತಿರುಗೋಕೆ ನೋಡುತ್ತೆ. ಅದನ್ನ ಹಿಡಿದಿಡೋದು ಆ ನಟ್ಟು, ಜೊತೆಗಿರುವ ಕೊಕ್ಕೆಯ ವಾಷರ್. ಪಂಚರ್ ಹಾಕಿಸೋಕೆ ಚಕ್ರ ಬಿಚ್ಚುವ ಮೊದಲು ವಾಷರ್ ಯಾವ ಕ್ರಮದಲ್ಲಿದೆ ಅಂತ ಫೋನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮೋಟರಿನ ಕೇಬಲ್ ಕನೆಕ್ಟರ್ ಮೇಲೆ ಎರಡು ಬಾಣದ ಗುರುತು ಇರುತ್ತೆ. ತಿರುಚದೆ ನೇರ ಎಳೆಯಿರಿ, ಹಾಕುವಾಗ ಬಾಣಕ್ಕೆ ಬಾಣ ಸೇರಿಸಿ.

ಗಾಳಿ ಎಷ್ಟು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತೆ. ಆ ಮಿತಿಯೊಳಗೆ ಡಾಂಬರು ರಸ್ತೆಗೆ ಸ್ವಲ್ಪ ಹೆಚ್ಚು, ತೋಟದ ಮಣ್ಣಿಗೆ ಸ್ವಲ್ಪ ಕಡಿಮೆ. ಗಾಳಿ ಕಮ್ಮಿಯಾದರೆ ಬ್ಯಾಟರಿ ಬೇಗ ಖಾಲಿ. "ಬ್ಯಾಟರಿ ಹೋಯ್ತು" ಅಂತ ಗೋಳಾಡೋ ಮೊದಲು ಪಂಪ್ ತಗೊಳ್ಳಿ.

ಮೋಟರ್ ನಿಂತಾಗ

ಹೋದ ವರ್ಷ ಪುನರ್ವಸು ಮಳೆ ಹಿಡಿದಿದ್ದಾಗ, ತರೀಕೆರೆಯಿಂದ ಬರುವ ದಾರಿಯಲ್ಲಿ ನಮ್ಮ ಸೈಕಲ್ಲಿನ ಮೋಟರ್ ನಿಂತಿತು. ಡಿಸ್‌ಪ್ಲೇ ಆನ್ ಇದೆ, ಚಾರ್ಜ್ ಇದೆ. ಪೆಡಲ್ ತುಳಿದರೂ ಇಲ್ಲ, ಥ್ರಾಟಲ್ ತಿರುಗಿಸಿದರೂ ಇಲ್ಲ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ, "ಗಾಡಿ ಇಲ್ಲಿಗೆ ತಗೊಂಡು ಬನ್ನಿ ಮೇಡಂ, ಕಂಟ್ರೋಲರ್ ಇರಬಹುದು" ಅಂದರು. ಅಂದರೆ ಗೂಡ್ಸ್ ಆಟೋ ಬಾಡಿಗೆ, ಒಂದು ದಿನ ರಜೆ, ಆಮೇಲೆ ಬಿಲ್ಲು. ಅಪ್ಪ, "ಬಂದಷ್ಟಕ್ಕೆ ಕೊಟ್ಬಿಡು ಮಗಾ, ಯಾಕೆ ತಲೆನೋವು" ಅಂದರು. ಹಾಗಂದ ಮಾರನೇ ದಿನ ಅವರು ತೋಟಕ್ಕೆ ಹೋಗಲಿಲ್ಲ. ಯಾರನ್ನೂ ಕೇಳಲೂ ಇಲ್ಲ.

ತರೀಕೆರೆಯಲ್ಲಿ ನಾನು ಹೈಸ್ಕೂಲಿಗೆ ಹೋಗ್ತಿದ್ದಾಗಿಂದ ಪಂಚರ್ ಹಾಕಿಕೊಡುವ ಸೈಕಲ್ ಶಾಪಿನ ಅಣ್ಣ ಒಬ್ಬರಿದಾರೆ. ಅವರ ಹತ್ತಿರ ತಳ್ಳಿಕೊಂಡು ಹೋದೆ. "ಕರೆಂಟಿನ ವಿಷಯ ನಂಗೊತ್ತಿಲ್ಲಮ್ಮ. ಸೈಕಲ್ ವಿಷಯ ಆದ್ರೆ ಕೇಳು" ಅಂದರು. ಹಾಗಂತಲೇ ಎರಡೂ ಬ್ರೇಕ್ ಹಿಡಿದು ಬಿಟ್ಟರು. ಎಡಗಡೆ ಲಿವರ್ ಪೂರ್ತಿ ವಾಪಸ್ ಬರಲಿಲ್ಲ. ಒಂದೆರಡು ಎಂ.ಎಂ. ಒಳಗೇ ಉಳೀತು.

ಅಷ್ಟೇ ಆಗಿದ್ದು. ಈ ಸೈಕಲ್ಲುಗಳಲ್ಲಿ ಬ್ರೇಕ್ ಹಿಡಿದ ತಕ್ಷಣ ಮೋಟರ್ ನಿಲ್ಲಿಸುವ ಸಣ್ಣ ಸ್ವಿಚ್ಚು ಲಿವರಿನೊಳಗೇ ಇರುತ್ತೆ. ಮಳೆನೀರು, ಕೆಮ್ಮಣ್ಣು ಕೇಬಲ್ಲಿನ ಹೊದಿಕೆಯೊಳಗೆ ಸೇರಿ ಕೇಬಲ್ ಬಿಗಿಯಾಗಿತ್ತು. ಯಾರೋ ಬ್ರೇಕ್ ಹಿಡಿದೇ ಇದಾರೆ ಅಂತ ತಿಳಿದು ಮೋಟರ್ ಸುಮ್ಮನಿತ್ತು. ಅಣ್ಣ ಕೇಬಲ್ ಬಿಚ್ಚಿ ಒರೆಸಿ, ಎರಡು ಹನಿ ಎಣ್ಣೆ ಬಿಟ್ಟು ಹಾಕಿದರು. ಮೋಟರ್ ಎದ್ದಿತು. "ಎಲೆಕ್ಟ್ರಿಕ್ ರಿಪೇರಿ ಮಾಡ್ದೆ ನೋಡು" ಅಂತ ನಕ್ಕು, ಕೇಬಲ್ ರಿಪೇರಿಯ ದುಡ್ಡಷ್ಟೇ ತಗೊಂಡರು.

ಆ ದಿನದಿಂದ ಮೋಟರ್ ನಿಂತರೆ ನೋಡುವ ಕ್ರಮ ನಮ್ಮ ಮನೆಯಲ್ಲಿ ಹೀಗೆ. ಡಿಸ್‌ಪ್ಲೇಯೇ ಆನ್ ಆಗದಿದ್ದರೆ ಬ್ಯಾಟರಿ ಪೂರ್ತಿ ಕೂತಿದೆಯಾ, ಬೀಗ ತಿರುಗಿದೆಯಾ ನೋಡೋದು. ಆನ್ ಆಗಿ ಥ್ರಾಟಲ್, ಪೆಡಲ್ ಎರಡಕ್ಕೂ ಮೋಟರ್ ಓಡದಿದ್ದರೆ ಬ್ರೇಕ್ ಲಿವರ್, ಆಮೇಲೆ ಮೋಟರಿನ ಕನೆಕ್ಟರ್. ಥ್ರಾಟಲ್‌ಗೆ ಓಡಿ ಪೆಡಲ್‌ಗೆ ಓಡದಿದ್ದರೆ ಪೆಡಲ್ ಅಚ್ಚಿನ ಹತ್ತಿರ ಇರುವ ಅಯಸ್ಕಾಂತದ ಬಿಲ್ಲೆ, ಅದರ ಎದುರಿನ ಸೆನ್ಸರ್. ಅಲ್ಲಿ ಕೆಸರೋ ನಾರೋ ಸಿಕ್ಕಿರುತ್ತೆ, ಇಲ್ಲಾ ಸೆನ್ಸರ್ ಅಲುಗಾಡಿ ದೂರ ಸರಿದಿರುತ್ತೆ. ಇಷ್ಟಕ್ಕೂ ಸರಿಹೋಗದಿದ್ದರೆ ಆಗ ಗೂಡ್ಸ್ ಆಟೋ.

ಬ್ಯಾಟರಿಗೆ ಮರ್ಯಾದೆ ಕೊಡಿ

ಪೂರ್ತಿ ಖಾಲಿಯಿಂದ ಚಾರ್ಜ್ ಮಾಡಿದರೂ ನಮ್ಮ ಬ್ಯಾಟರಿ ತಿನ್ನೋದು ಅರ್ಧ ಯೂನಿಟ್ಟಿಗೂ ಕಡಿಮೆ. ಕರೆಂಟ್ ಬಿಲ್ಲಿನ ಚಿಂತೆ ಬೇಡ. ಚಿಂತೆ ಬೇಕಿರೋದು ಬ್ಯಾಟರಿಯ ಆಯಸ್ಸಿನದು, ಯಾಕೆಂದರೆ ಸೈಕಲ್ಲಿನ ದುಬಾರಿ ಭಾಗಗಳಲ್ಲಿ ಅದು ಮೊದಲನೆಯದು.

ಲಿಥಿಯಂ ಬ್ಯಾಟರಿಗೆ ಆಗದ್ದು ಬಿಸಿ, ಪೂರ್ತಿ ಖಾಲಿ, ಪೂರ್ತಿ ತುಂಬಿ ಸುಮ್ಮನೆ ಕೂರೋದು. ಬಿಸಿಲಲ್ಲಿ ಬಂದ ತಕ್ಷಣ ಚಾರ್ಜಿಗೆ ಹಾಕಬೇಡಿ, ಅರ್ಧ ಗಂಟೆ ನೆರಳಲ್ಲಿ ಆರಲಿ. ದಿನದ ಓಡಾಟಕ್ಕೆ 20ರಿಂದ 80 ಪರ್ಸೆಂಟ್ ನಡುವೆ ಇದ್ದರೆ ಒಳ್ಳೇದು, ದೂರ ಹೋಗೋ ದಿನ ಪೂರ್ತಿ ತುಂಬಿಸಿ. ತಿಂಗಳುಗಟ್ಟಲೆ ಓಡಿಸದಿದ್ದರೆ ಅರ್ಧ ಚಾರ್ಜಿನಲ್ಲಿ ಕಳಚಿಟ್ಟು, ತಿಂಗಳಿಗೊಮ್ಮೆ ನೋಡಿ.

ಹಳ್ಳಿಯ ಕರೆಂಟ್ ಗೊತ್ತಲ್ಲ, ತೋಟದ ಪಂಪ್‌ಸೆಟ್ಟುಗಳು ಶುರುವಾದರೆ ಮನೆಯ ಬಲ್ಬ್ ಮಂಕಾಗುತ್ತೆ. ಚಾರ್ಜರ್ ಮೇಲೆ ಇಷ್ಟರಿಂದ ಇಷ್ಟು ವೋಲ್ಟ್ ಅಂತ ಬರೆದಿರುತ್ತೆ, ಓದಿ. ನಾವು ಎಲ್ಲರೂ ಎದ್ದಿರುವ ಹೊತ್ತಿನಲ್ಲಿ ಜಗಲಿಯ ಸಿಮೆಂಟ್ ನೆಲದ ಮೇಲಿಟ್ಟು ಚಾರ್ಜ್ ಮಾಡ್ತೀವಿ. ಒಣಗಿದ ಸೋಗೆ, ಅಡಿಕೆ ಸಿಪ್ಪೆ, ಹುಲ್ಲು ಇರುವ ಕೊಟ್ಟಿಗೆಯಲ್ಲಿ ಬೇಡವೇ ಬೇಡ. ಮಲಗುವ ಕೋಣೆಯಲ್ಲೂ ಬೇಡ. "ಪಿನ್ ಸರಿಹೋಗುತ್ತೆ" ಅಂತ ಬೇರೆ ಚಾರ್ಜರ್ ಹಾಕಬೇಡಿ. ಬ್ಯಾಟರಿ ಉಬ್ಬಿದರೆ, ವಾಸನೆ ಬಂದರೆ, ಜೋರಾಗಿ ಬಿದ್ದು ಪೆಟ್ಟಾಗಿದ್ದರೆ ಚಾರ್ಜ್ ಮಾಡದೆ, ಮನೆಯಿಂದ ದೂರ ಬಯಲಲ್ಲಿಟ್ಟು ಕಂಪನಿಗೆ ತಿಳಿಸಿ. ಸತ್ತ ಬ್ಯಾಟರಿಯನ್ನ ಗುಜರಿಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಲ್ಲಿ ಹಳೇ ಬ್ಯಾಟರಿ ಮರುಬಳಕೆಗೆ ಸೇರುವಂತೆ ನೋಡಿಕೊಳ್ಳುವ ಹೊಣೆ ತಯಾರಕರ ಮೇಲಿದೆ. ಅವರನ್ನೇ ಕೇಳಿ.

ತೊಳೆಯೋದು ಬಕೆಟ್ ನೀರು, ಬಟ್ಟೆಯಲ್ಲಿ. ತೋಟದ ಪೈಪ್ ಹಿಡಿದು ರಭಸದ ನೀರು ಬಿಡಬೇಡಿ. ಪೆಟ್ಟಿಗೆಯ ಮೇಲೆ ಐಪಿಎಕ್ಸ್4 ಅಂತಿದ್ದರೆ ಅದು ನೀರಿನ ಎರಚಲು ತಡೆಯುತ್ತೆ ಅಂತ ಅಷ್ಟೇ ಅರ್ಥ, ಪೈಪಿನ ಧಾರೆಯನ್ನಲ್ಲ. ಮಳೆಗಾಲದಲ್ಲಿ ಕೇಬಲ್ಲು ಕನೆಕ್ಟರಿಗಿಂತ ಸ್ವಲ್ಪ ಕೆಳಗೆ ಜೋತು ಮೇಲೆ ಬರುವ ಹಾಗೆ ಕಟ್ಟಿ. ಹನಿ ಅಲ್ಲೇ ಕೆಳಗೆ ಬೀಳುತ್ತೆ, ಕನೆಕ್ಟರ್ ಒಳಗೆ ಹೋಗಲ್ಲ.

ಸ್ಕ್ರೀನ್‌ಶಾಟ್ ತಗೊಳ್ಳಿ

ಪ್ರತಿ ಸಲ ಹೊರಡುವ ಮುಂಚೆ: ಎರಡೂ ಬ್ರೇಕ್ ಹಿಡಿದು ಬಿಡಿ, ಟೈರ್ ಒತ್ತಿ ನೋಡಿ, ಬ್ಯಾಟರಿ ಬೀಗ ನೋಡಿ.

ವಾರಕ್ಕೊಮ್ಮೆ: ಗಾಳಿ, ಚೈನ್ ಒರೆಸಿ ಎಣ್ಣೆ.

ತಿಂಗಳಿಗೊಮ್ಮೆ: ಬ್ರೇಕ್ ಪ್ಯಾಡ್, ಹಿಂದಿನ ಚಕ್ರದ ನಟ್, ಕಡ್ಡಿಗಳು, ಹ್ಯಾಂಡಲ್ ಮತ್ತು ಸೀಟಿನ ಬೋಲ್ಟು, ಚೈನಿಗೆ ಸ್ಕೇಲು.

ಮಳೆಗಾಲದ ಮುಂಚೆ, ಆಮೇಲೆ: ಬ್ರೇಕ್ ಮತ್ತು ಗೇರ್ ಕೇಬಲ್ ಬಿಚ್ಚಿ ಒರೆಸೋದು, ಪೆಡಲ್ ಸೆನ್ಸರ್ ಸ್ವಚ್ಛ ಮಾಡೋದು.

ಎಲ್ಲಾ ಸೇರಿ ಭಾನುವಾರದ ಒಂದು ಗಂಟೆ. ಕೈಗೆ ಸ್ವಲ್ಪ ಗ್ರೀಸ್ ಹತ್ತುತ್ತೆ; ಸೀಗೆಪುಡಿ ಹಾಕಿ ಉಜ್ಜಿದರೆ ಹೋಗುತ್ತೆ. ಸೋಮವಾರ ಬೆಳಿಗ್ಗೆ ಆರೂವರೆಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಅಪ್ಪ ಯಾರನ್ನೂ ಕೇಳದೆ ಹೊರಡ್ತಾರೆ.